ದಪ್ಪ ಜಾತಕ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನೀಲಮ್ಮತ್ತೆ ಕಣ್ಣು ಮುಚ್ಚಿಕೊಂಡೇ ಅಂಗಡಿ ನಡೆಸುತ್ತಿದ್ದರು ಎಂದು ನಾನು ಹೇಳಿದರೆ ಅವರ ಮಗಳು ಗಿರಿಜಕ್ಕ ಒಪ್ಪುವುದಿಲ್ಲ. "ಅವ್ವ ಹಂಗೆಲ್ಲ ಕಣ್ಣು ಮುಚ್ತಿರಲಿಲ್ಲ. ನಿದ್ದಿ ಬಂದಾಗ ಮುಚ್ತಿದ್ಳು, ಎಲ್ಲಾರಂಗೆ" ಎನ್ನುತ್ತಾಳೆ. ಆದರೆ ನನಗೆ ನೆನಪಾಗುವ ಅತ್ತೆ ಹಾಗೆಯೇ ಇದ್ದಾರೆ: ಶಿರಾಳಕೊಪ್ಪದ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಗೋಡೆಗೆ ತಲೆಯಾನಿಸಿ, ಕಣ್ಣು ಮುಚ್ಚಿ, ಎರಡೂ ಕೈಯ ಬೆರಳುಗಳನ್ನು ತೊಡೆಯ ಮೇಲೆ ಆಡಿಸುತ್ತ. ಆ ಬೆರಳುಗಳು ಟೈಪ್ ಮಾಡುತ್ತಿದ್ದವು. ಬಸ್ಸಿನಲ್ಲಿ ಕೂತಾಗಲೂ, ಮದುವೆಮನೆಯ ಪಂಕ್ತಿಯಲ್ಲಿ ಎಲೆ ಬರುವುದನ್ನು ಕಾಯುವಾಗಲೂ ಅವು ಸುಮ್ಮನಿರುತ್ತಿರಲಿಲ್ಲ.

"ಏನು ಟೈಪ್ ಮಾಡ್ತಿದೀರಿ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಆ ಕಡೆ ಕುಂತೋರು ಮಾತಾಡಾಕ ಹತ್ಯಾರಲ್ಲ, ಅದನ್ನ. ಭಾಳ ತಪ್ಪು ಮಾತಾಡ್ತಾರ."

ನಾನು ದಿನಚರಿ ಬರೆಯುವವಳು. ಆದರೂ ಆ ವರ್ಷಗಳ ದಿನಚರಿಯಲ್ಲಿ ಅತ್ತೆಯ ಬಗ್ಗೆ ಇರುವುದು ಬಹಳ ಕಡಿಮೆ. ಎಂ.ಎ. ಓದುತ್ತ, ರಜೆ ಬಂದಾಗಲೆಲ್ಲ ಅತ್ತೆಯ ಮನೆಗೆ ಬಂದಿರುತ್ತಿದ್ದ ಹುಡುಗಿಗೆ ತನ್ನ ಬಗ್ಗೆಯೇ ಬರೆದುಕೊಳ್ಳಲು ಬೇಕಾದಷ್ಟಿತ್ತು. ಹಾಗಾಗಿ ಇಲ್ಲಿರುವುದೆಲ್ಲ ನೆನಪು ಮಾತ್ರ, ಮತ್ತು ನನ್ನ ನೆನಪಿಗೆ ಕತೆ ಕಟ್ಟುವ ಚಟವಿದೆ.

ನೀಲಮ್ಮತ್ತೆ ಅಪ್ಪನ ಅಕ್ಕ. ಸೊರಬದ ನಮ್ಮ ಮನೆಯಿಂದ ಶಿರಾಳಕೊಪ್ಪಕ್ಕೆ ಮದುವೆಯಾಗಿ ಹೋದವರು. ಮಾವ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆಯೇ ಅದನ್ನು ನಡೆಸಿದರು. ತೊಂಬತ್ತರ ದಶಕದ ಅರ್ಧ ಕಳೆಯುವ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾದರು. ಬಂದವರೂ ಮಷೀನಿನ ಮುಂದೆ ಕೂತು "ಕಂಪ್ಯೂಟರ್ ಯಾವಾಗ ತರ್ತೀರಿ ಮೇಡಂ?" ಎಂದು ಕೇಳತೊಡಗಿದರು. ಅತ್ತೆ ಎರಡು ಬಳೆ ಮಾರಿ, ಯಾರೋ ಉಪಯೋಗಿಸಿ ಬಿಟ್ಟ ಒಂದು ಕಂಪ್ಯೂಟರ್ ಮತ್ತು ಗರಗಸದಂತೆ ಸದ್ದು ಮಾಡುವ ಒಂದು ಪ್ರಿಂಟರ್ ತಂದರು. ತಂದ ಮೇಲೆ ಅದರಿಂದ ಏನು ಮಾಡುವುದೆಂದು ಅವರಿಗೂ ತಿಳಿದಿರಲಿಲ್ಲ. ತಿಳಿಸಿದವನು ಶಿವಮೊಗ್ಗದಿಂದ ಬಂದ ಒಬ್ಬ ಏಜೆಂಟ. ಕಂಪ್ಯೂಟರಿನಲ್ಲಿ ಜಾತಕ ಬರೆಯುವ ತಂತ್ರಾಂಶ ಮಾರುವವನು.

ಅವನು ಮೇಜಿನ ಮೇಲೆ ಮೂರು ಡಬ್ಬಿಗಳನ್ನು ಸಾಲಾಗಿ ಇಟ್ಟ. ಅವತ್ತು ನಾನು ಅಲ್ಲಿದ್ದೆ. ಇದ್ದೆ ಎಂದೇ ನನ್ನ ನಂಬಿಕೆ.

"ಇದು ಸಾದಾ ಮೇಡಂ. ಕುಂಡಲಿ, ನವಾಂಶ, ದಶೆ. ಮೂರು ಪುಟ, ಮುಗೀತು. ಇದು ವಿಶೇಷ. ಇದು ಸಂಪೂರ್ಣ. ಇದ್ರಲ್ಲಿ ವಿದ್ಯೆ, ಧನ, ಆರೋಗ್ಯ, ದಾಂಪತ್ಯ, ಸಂತಾನ ಎಲ್ಲಾ ಫಲಾನೂ ಬರುತ್ತೆ. ನಲವತ್ತೆರಡು ಪುಟ. ಬೆಲೆ ನಾಕು ಪಟ್ಟು ಅಷ್ಟೇ."

"ಅಷ್ಟೇ" ಎಂದರು ಅತ್ತೆ, ಕಣ್ಣು ತೆರೆಯದೆ. "ಅಲ್ರೀ, ಹುಟ್ಟಿದ ಹೊತ್ತು ಒಂದೇ, ಗ್ರಹ ಒಂಬತ್ತೇ. ನಾಕು ಪಟ್ಟು ರೊಕ್ಕ ಕೊಟ್ಟೋರಿಗೆ ನೀವು ಹತ್ತನೇ ಗ್ರಹ ಏನಾರ ಕೊಡ್ತೀರಾ?"

ಏಜೆಂಟ ನಕ್ಕ. ಅತ್ತೆ ಸಾದಾ ಡಬ್ಬಿಯನ್ನೇ ತೆಗೆದುಕೊಂಡರು. ಅದರ ಜೊತೆ ಹೆಬ್ಬೆರಳಿನಷ್ಟು ದೊಡ್ಡ ಒಂದು ಕಪ್ಪು ತುಂಡು ಬಂದಿತ್ತು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದರೆ ಮಾತ್ರ ತಂತ್ರಾಂಶ ಓಡುತ್ತಿತ್ತು. ಏಜೆಂಟ ಅದನ್ನು ಬೀಗ ಎನ್ನುತ್ತಿದ್ದ. ಅತ್ತೆ ರಾತ್ರಿ ಮನೆಗೆ ಹೋಗುವಾಗ ಅದನ್ನು ಕಿತ್ತು ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

ನಮ್ಮ ಕಡೆ ಮೊದಲು ಜಾತಕದ ಗೊಡವೆ ಅಷ್ಟಾಗಿ ಇರಲಿಲ್ಲ. ಗಂಡು ಹೆಣ್ಣಿನ ಹೆಸರುಬಲ ನೋಡುತ್ತಿದ್ದರು. ಮಠದ ಅಯ್ಯನವರು ಪಂಚಾಂಗ ತೆರೆದು, ಬೆರಳು ಮಡಚಿ, ಕೂಡಿ ಬಂತು ಎನ್ನುತ್ತಿದ್ದರು. ಕೂಡಿ ಬರದಿದ್ದರೆ ಹುಡುಗಿಗೆ ಇನ್ನೊಂದು ಹೆಸರು ಇಡುತ್ತಿದ್ದರು, ಆಗ ಕೂಡಿ ಬರುತ್ತಿತ್ತು. ನಮ್ಮ ಅಜ್ಜಿಗೆ ಹೀಗೆ ಎರಡು ಹೆಸರಿದ್ದವು. ಎರಡು ಮನೆಯವರಿಗೆ ಮನಸ್ಸಿದ್ದರೆ ಗ್ರಹಗಳು ಸ್ವಲ್ಪ ಸರಿದು ಕೂರುತ್ತಿದ್ದವು. ಕಂಪ್ಯೂಟರ್ ಬಂದ ಮೇಲೆ ಗಂಡಿನ ಕಡೆಯವರು ಅಚ್ಚಾದ ಜಾತಕ ಕೇಳತೊಡಗಿದರು.

ಹುಟ್ಟಿದ ಹೊತ್ತು ಯಾರಿಗೆ ಗೊತ್ತಿತ್ತು? ಆನವಟ್ಟಿ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ತಾಯಂದಿರು, "ಎರಡನೇ ಬಸ್ಸು ಹೋಗಿತ್ರೀ, ಆಮೇಲೆ ಹುಟ್ಟಿದ್ಳು" ಎನ್ನುತ್ತಿದ್ದರು.

"ಹೋಗಿ ಎಷ್ಟು ಹೊತ್ತಾಗಿತ್ತು?"

"ಧೂಳು ಇನ್ನೂ ಇತ್ತು."

ಅತ್ತೆ ಗಂಭೀರವಾಗಿ, "ಅವತ್ತು ಬಸ್ಸು ಲೇಟಾಗಿರಲಿಲ್ಲ ತಾನೆ?" ಎಂದು ಕೇಳಿ, ಇಷ್ಟು ಗಂಟೆ, ಇಷ್ಟು ನಿಮಿಷ ಎಂದು ಹೇಳುತ್ತಿದ್ದರು. ಗಿರಿಜಕ್ಕ ಅದನ್ನು ಕಂಪ್ಯೂಟರಿಗೆ ಒತ್ತುತ್ತಿದ್ದಳು. ಕಂಪ್ಯೂಟರಿನ ಕೆಲಸವೆಲ್ಲ ಅವಳದೇ. ಪಿಯುಸಿ ಮುಗಿಸಿ ಅವ್ವನ ಜೊತೆ ನಿಂತಿದ್ದವಳು, ಆ ಯಂತ್ರ ಬಂದ ಮೇಲೆ ಬೇರೆಯೇ ಹುಡುಗಿಯಾಗಿದ್ದಳು. ಅದು ಕೆಟ್ಟು ನಿಂತಾಗ ಶಿವಮೊಗ್ಗಕ್ಕೆ ಒಬ್ಬಳೇ ಹೊತ್ತುಕೊಂಡು ಹೋಗಿ ಸರಿಮಾಡಿಸಿ ತರುತ್ತಿದ್ದಳು. ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು, ಮಗುವಿನ ಹಾಗೆ.

ಮೂರು ಪುಟದ ಜಾತಕ ಒಂದು ವರ್ಷ ನಡೆಯಿತು. ಆಮೇಲೆ ಶಿಕಾರಿಪುರದಲ್ಲಿ ಯಾರೋ ಸಂಪೂರ್ಣ ತಂದರು. ನಮ್ಮ ಗಿರಾಕಿಗಳು ಮೂರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಇಷ್ಟೇ ಏನ್ರೀ?" ಎನ್ನತೊಡಗಿದರು. ಗಂಡಿನ ಮನೆಯಲ್ಲಿ ಜಾತಕವನ್ನು ಓದುವ ಮೊದಲು ಕೈಯಲ್ಲಿ ಹಿಡಿದು ನೋಡುತ್ತಾರಂತೆ, ತೆಳ್ಳಗಿದ್ದರೆ ಹೆಣ್ಣಿನ ಕಡೆಯವರು ಕೈಬಿಗಿ ಎಂದುಕೊಳ್ಳುತ್ತಾರಂತೆ. ಒಬ್ಬಾಕೆ ಅತ್ತೆಗೆ ಇದನ್ನು ಬಿಡಿಸಿ ಹೇಳಿದಳು: "ಸೀರೆ ಹೆಂಗೂ ಆಮೇಲೆ ನೋಡ್ತಾರೆ. ಮೊದ್ಲು ಕೈಗೆ ಬರೋದು ಇದೇ ಅಲ್ವಾ ಮಾರಾಯ್ತಿ."

ಅತ್ತೆ ಏಜೆಂಟನನ್ನು ಕರೆಸಿದರು. ಹಳೆಯ ಬೀಗ ವಾಪಸ್ ಕೊಟ್ಟು, ಉಳಿದ ಹಣ ತುಂಬಿ, ಹೊಸ ಬೀಗ ಪಡೆದರು. ಸಂಪೂರ್ಣ ಬಂತು. ಒಂದು ಜಾತಕ ಮುಗಿಯಲು ಪ್ರಿಂಟರಿಗೆ ಅರ್ಧ ಮಧ್ಯಾಹ್ನ ಬೇಕಾಗುತ್ತಿತ್ತು. ಕೆಳಗಿನ ಕಿರಾಣಿ ಅಂಗಡಿಯವರು, "ಅಕ್ಕಾರೆ, ಯಾರದಿದು ಇಷ್ಟು ಉದ್ದದ ಹಣೆಬರಹ?" ಎಂದು ಕೂಗಿ ಕೇಳುತ್ತಿದ್ದರು.

ಮೊದಲ ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಹೋದ ಜಾತಕಗಳು ವಾಪಸ್ ಬರತೊಡಗಿದವು.

ಕುಂಡಲಿಯ ಚೌಕವನ್ನು ಓದಬಲ್ಲವರು ಅಯ್ಯನವರು ಮಾತ್ರ. ಈ ನಲವತ್ತೆರಡು ಪುಟ ಇದ್ದದ್ದು ಕನ್ನಡದಲ್ಲಿ. ಗಂಡಿನ ತಾಯಿ, ತಂದೆ, ತಂಗಿ, ಪಕ್ಕದ ಮನೆಯವರು, ಯಾರು ಬೇಕಾದರೂ ಓದಬಹುದಿತ್ತು. ಎಲ್ಲರೂ ನೇರ ದಾಂಪತ್ಯ ಫಲದ ಪುಟಕ್ಕೇ ಹೋಗುತ್ತಿದ್ದರು. ಅಲ್ಲಿ, 'ಈ ಜಾತಕಳು ಕೋಪಿಷ್ಠೆ', 'ಪತಿಗೃಹದ ಹಿರಿಯರೊಡನೆ ವಿರಸ ಸಂಭವ' ಎಂಬಂಥ ಸಾಲುಗಳಿರುತ್ತಿದ್ದವು. ಒಂದು ಪುಟದಲ್ಲಿ ಒಳ್ಳೆಯದಿದ್ದರೆ ಇನ್ನೊಂದರಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಮೂರು ಪುಟದವರಿಗೆ ಮೂರು ಪುಟದಷ್ಟೇ ಅನುಮಾನ, ನಲವತ್ತೆರಡರವರಿಗೆ ನಲವತ್ತೆರಡರಷ್ಟು.

ಚಂದ್ರಗುತ್ತಿ ಕಡೆಯ ಒಬ್ಬ ತಂದೆ ಮೆಟ್ಟಿಲು ಹತ್ತಿ ಬಂದು ಜಾತಕವನ್ನು ಮೇಜಿನ ಮೇಲೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ.

"ಏನ್ರೀ ಅಕ್ಕಾರೆ, ನಮ್ಮ ಹುಡುಗಿ ನಿಮಗೇನು ಮಾಡಿದ್ಲು? ಒಂದು ಮಾತು ಎತ್ತಿ ಆಡಿದವಳಲ್ಲ. ಕೋಪಿಷ್ಠೆ ಅಂತ ಬರ್ದು ಕೊಟ್ಟಿದೀರಲ್ಲ."

"ನಾ ಬರ್ದಿಲ್ರೀ. ಮಷೀನು."

"ಮಷೀನು ನಮ್ಮನೆಗೆ ಬಂದು ನೋಡಿತ್ತಾ?"

ಆತ ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಕಡೆಯೋರು ಕೇಳಿದಾರೆ. ಆ ಹಾಳೆ ಒಂದು ತೆಗ್ದು ಕೊಡಿ, ನಿಮ್ಮ ಪುಣ್ಯ" ಎಂದರು. ಅತ್ತೆ ತೆಗೆದು ಕೊಟ್ಟರು.

ಅದು ಇನ್ನೂ ಕೆಟ್ಟದಾಯಿತು. ಪ್ರತಿ ಹಾಳೆಯ ಅಡಿಯಲ್ಲಿ ಇದು ಎಷ್ಟನೇ ಪುಟ, ಒಟ್ಟು ಎಷ್ಟು ಎಂದು ಸಂಪೂರ್ಣ ತಾನೇ ಅಚ್ಚು ಹಾಕುತ್ತಿತ್ತು. ಗಂಡಿನ ಕಡೆಯವರು ಎಣಿಸಿ ನೋಡಿದರು. ಸಿಗದ ಪುಟದಲ್ಲಿ ಏನಿರಬಹುದೆಂದು ಅವರು ಊಹಿಸಿಕೊಂಡದ್ದು ಕೋಪಕ್ಕಿಂತ ಬಹಳ ದೊಡ್ಡದಾಗಿತ್ತು. ಹುಡುಗಿಗೆ ಏನೋ ಕಾಯಿಲೆಯಂತೆ ಎಂಬ ಮಾತು ಚಂದ್ರಗುತ್ತಿಯಿಂದ ಹೊರಟು ಸೊರಬದ ನಮ್ಮ ಮನೆಯವರೆಗೂ ಬಂತು. ಅವತ್ತಿನಿಂದ ಅತ್ತೆ ಒಂದು ನಿಯಮ ಮಾಡಿಕೊಂಡರು. "ಕೊಟ್ರ ಪೂರ್ತಿ ಕೊಡ್ತೀನಿ. ಹಾಳಿ ತೆಗಿ ಅನ್ನೋರು ಶಿಕಾರಿಪುರಕ್ಕ ಹೋಗ್ರಿ." ಯಾರು ಅತ್ತು ಕರೆದರೂ ಈ ಮಾತಿನಿಂದ ಕದಲಲಿಲ್ಲ. ಕದಲಿದ್ದು ಒಂದೇ ಸಲ.

ಗಿರಿಜಕ್ಕನಿಗೆ ಆನವಟ್ಟಿಯಿಂದ ಗಂಡು ಬಂತು. ಗೊಬ್ಬರದ ಅಂಗಡಿ ಇದ್ದ ಮನೆತನ. ನೋಡಲು ಬಂದಾಗ ನಾನೂ ಇದ್ದೆ. ಹುಡುಗ ಹೆಚ್ಚು ಮಾತಾಡಲಿಲ್ಲ, ಅವನ ತಾಯಿ ಇಬ್ಬರ ಪಾಲಿನದನ್ನೂ ಮಾತಾಡಿದರು. "ನಮ್ಮನೇಲಿ ಸೊಸೆ ಹೊರಗೆ ದುಡಿಯೋ ಅಗತ್ಯ ಏನಿಲ್ಲ ಬಿಡ್ರಿ. ಹಾಯಾಗಿ ಇರ್ಲಿ" ಎಂದರು. ಗಿರಿಜಕ್ಕ ತಲೆ ಬಗ್ಗಿಸಿ ಚಹಾದ ಕಪ್ಪುಗಳನ್ನು ಒಂದರೊಳಗೊಂದು ಜೋಡಿಸಿದಳು. ಹೊರಡುವಾಗ ಆ ತಾಯಿ ಬಾಗಿಲಲ್ಲಿ ನಿಂತು, "ಜಾತಕ ಒಂದು ಕಳಿಸಿಬಿಡ್ರಿ. ನಿಮ್ಮದೇ ಅಂಗಡಿ, ಎರಡು ಮೂರು ಹಾಳೆ ಕಳಿಸಿದ್ರೆ ಬಿಡಲ್ಲ ಮತ್ತೆ" ಎಂದು ನಗೆಯಾಡಿದರು.

ಅವರು ಹೋದ ಮೇಲೆ, "ಹೇಗಿದಾನೆ ಹುಡುಗ?" ಎಂದು ನಾನು ಕೇಳಿದ್ದಕ್ಕೆ ಗಿರಿಜಕ್ಕ, "ಚಲೋ ಅದಾನ" ಎಂದಳು. ಅಷ್ಟೇ. ಅತ್ತೆಗೆ ಅಷ್ಟು ಸಾಕಾಗಿತ್ತು. ಅವರು ದಣಿದಿದ್ದರು. ಮಗಳ ಕೈ ಒಂದು ಕಡೆ ಹಿಡಿಸಿ, ಮೆಟ್ಟಿಲು ಹತ್ತುವುದನ್ನು ನಿಲ್ಲಿಸಿದರೆ ಸಾಕು ಎಂದು ಎಷ್ಟೋ ಸಲ ನನ್ನೆದುರೇ ಹೇಳಿದ್ದರು.

ಮರುದಿನ ಮಧ್ಯಾಹ್ನ ಅತ್ತೆ ತಾವೇ ಕೂತು ಮಗಳ ಜಾತಕ ತೆಗೆದರು. ಪ್ರಿಂಟರ್ ನಿಂತ ಮೇಲೆ ಉದ್ದನೆಯ ಕಾಗದವನ್ನು ಹಾಳೆ ಹಾಳೆಯಾಗಿ ಹರಿದು ಓದುತ್ತ ಬಂದರು. ಒಂದು ಕಡೆ ನಿಂತರು. ನನ್ನ ಕೈಗೆ ಕೊಟ್ಟರು. ದಾಂಪತ್ಯ ಫಲ: 'ಈ ಜಾತಕಳು ಸ್ವೇಚ್ಛೆಯಿಂದ ನಡೆಯತಕ್ಕವಳು. ಪತಿಗೃಹದಲ್ಲಿ ನೆಲೆ ನಿಲ್ಲುವುದು ಕಷ್ಟ.'

"ಇದೇ ಸಾಲು ಎಷ್ಟು ಜನರ ಜಾತಕದಲ್ಲಿ ಬಂದಿಲ್ಲ ಅತ್ತೆ" ಎಂದೆ ನಾನು.

"ಬಂದೈತಿ. ಅವ್ರ ಮದುವಿ ಆಗಿಲ್ಲ."

"ಹುಟ್ಟಿದ ಹೊತ್ತು ಒಂದು ಹತ್ತು ನಿಮಿಷ ಹಿಂದೆ ಹಾಕಿ ನೋಡಿ. ಬಸ್ಸಿನ ಲೆಕ್ಕದಲ್ಲಿ ಎಲ್ಲರದ್ದೂ ಹಾಗೇ ಅಲ್ವಾ?"

ಅತ್ತೆ ನನ್ನನ್ನು ನೋಡಿದರು. ಆಗ ಕಣ್ಣು ಪೂರ್ತಿ ತೆರೆದಿತ್ತು. "ಬ್ಯಾರೇರದು ಏನರ ಆಗ್ಲಿ. ಇದರ ಹೊತ್ತು ಬದಲು ಮಾಡಂಗಿಲ್ಲ. ಅವತ್ತು ನಾ ಇದ್ದೆ" ಎಂದರು.

ಆ ಒಂದು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಚಿ ಟೈಪ್‌ರೈಟರಿನ ಮುಚ್ಚಳದ ಕೆಳಗೆ ಸರಿಸಿದರು. ಆಮೇಲೆ ಸ್ಕೇಲು ಮತ್ತು ಬ್ಲೇಡು ತೆಗೆದು, ಉಳಿದ ಹಾಳೆಗಳ ಕೆಳ ಅಂಚನ್ನು ಒಂದೊಂದಾಗಿ ಕತ್ತರಿಸತೊಡಗಿದರು. ಪುಟದ ಸಂಖ್ಯೆಗಳಿದ್ದ ಸಣ್ಣ ಸಣ್ಣ ಪಟ್ಟಿಗಳು ನೆಲದ ಮೇಲೆ ಬಿದ್ದವು. ಬ್ಲೇಡು ಮೊಂಡಾದಾಗ ಇನ್ನೊಂದು ತೆಗೆದರು. ಗಿರಿಜಕ್ಕ ಕೆಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು.

"ದಾರ ಹಾಕಿ, ರಟ್ಟು ಹಚ್ಚಿ ಇಡು. ನಾಳೆ ಮಾಮ ಒಯ್ತಾನ" ಎಂದು ಅತ್ತೆ ಕಟ್ಟನ್ನು ಅವಳ ಕೈಗೆ ಕೊಟ್ಟು, ನನ್ನನ್ನು ಕರೆದುಕೊಂಡು ಮನೆಗೆ ಹೊರಟರು. ಮಾಮ ಎಂದರೆ ನಮ್ಮ ಅಪ್ಪ. ಮರುದಿನ ಅಪ್ಪ ಅದನ್ನು ಆನವಟ್ಟಿಗೆ ಮುಟ್ಟಿಸಿ ಸೊರಬಕ್ಕೆ ಹೋದರು.

ಕೆಲವು ದಿನಗಳ ಮೇಲೆ ಜಾತಕ ವಾಪಸ್ ಬಂತು. ತಂದವನು, "ಹಿರಿಯರಿಗೆ ಯಾಕೋ ಮನಸ್ಸು ಬರಲಿಲ್ವಂತೆ. ದಾಂಪತ್ಯದ ಪುಟ ಓದಿದ್ರಂತೆ" ಎಂದ.

ಅತ್ತೆ ಕಟ್ಟು ಬಿಚ್ಚಿದರು. ಆ ಪುಟ ತನ್ನ ಜಾಗದಲ್ಲೇ ಇತ್ತು. ಉಳಿದವುಗಳ ಹಾಗೆ ಅದರ ಕೆಳ ಅಂಚೂ ಕತ್ತರಿಸಿತ್ತು. ಅಂಚು ಸ್ವಲ್ಪ ಓರೆಯಾಗಿತ್ತು ಎಂದು ನನಗೆ ನೆನಪು. ಹಾಳೆಯ ನಡುವೆ ಮಡಚಿದ ಗೆರೆಯೂ ಇತ್ತು ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಅದನ್ನು ನಾನು ನೋಡಿದೆನೋ, ಇರಬೇಕಿತ್ತು ಎಂದು ಆಮೇಲೆ ಅಂದುಕೊಂಡೆನೋ ಗೊತ್ತಿಲ್ಲ.

"ನಾನೇ ಮರ್ತು ಇದ್ರಾಗ ಬಿಟ್ಟೆ" ಎಂದರು ಅತ್ತೆ. "ವಯಸ್ಸಾತು ನೋಡು. ಊರವರಿಗೆಲ್ಲ ತೆಗಿಯಂಗಿಲ್ಲ ಅಂದೆ, ನನ್ನ ಮಗಳಿಗೆ ತೆಗ್ಯಾಕ ಹೋದೆ. ಅದೂ ನೆಟ್ಟಗ ಆಗಲಿಲ್ಲ."

ಗಿರಿಜಕ್ಕ ಆಗ ಕಂಪ್ಯೂಟರಿನ ಮುಂದೆ ಕೂತು ಯಾರದೋ ಹುಟ್ಟಿದ ಹೊತ್ತು ಒತ್ತುತ್ತಿದ್ದಳು. ಬೆನ್ನು ನಮ್ಮ ಕಡೆಗಿತ್ತು.

ಅತ್ತೆ ಏಜೆಂಟನನ್ನು ಮತ್ತೆ ಕರೆಸಿದರು. ಸಂಪೂರ್ಣವನ್ನು ವಾಪಸ್ ತೆಗೆದುಕೊಂಡು ಸಾದಾ ಕೊಡು ಎಂದರು. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕನಿಕರದಿಂದ, "ಕೆಳಗಿಂದ ಮೇಲಕ್ಕೆ ಹತ್ತೋಕೆ ಸ್ಕೀಮಿದೆ ಮೇಡಂ. ಮೇಲಿಂದ ಕೆಳಗೆ ಇಳಿಯೋಕಿಲ್ಲ" ಎಂದ.

"ರೊಕ್ಕ ವಾಪಸ್ ಕೇಳಿಲ್ಲಪ್ಪ ನಾನು. ಕಡಿಮಿ ಮಾತಾಡೋದು ಕೊಡು ಅಂದೆ."

"ಇಲ್ಲ ಮೇಡಂ."

ಆಮೇಲೆ ಅತ್ತೆ ಮೂರು ಪುಟ ಅಚ್ಚಾದ ಕೂಡಲೇ ಪ್ರಿಂಟರ್ ನಿಲ್ಲಿಸಿಬಿಡುತ್ತಿದ್ದರು. ಅಡಿಯಲ್ಲಿ ಒಟ್ಟು ನಲವತ್ತೆರಡು ಎಂದು ಇದ್ದೇ ಇರುತ್ತಿತ್ತು. ಉಳಿದದ್ದೆಲ್ಲಿ ಎಂದು ಕೇಳಿದವರಿಗೆ, "ಉಳಿದಿದ್ದು ನೀವು ಬಾಳೇವು ಮಾಡಿ ತಿಳಕೊಳ್ರಿ" ಎನ್ನುತ್ತಿದ್ದರು. ಕೆಲವರು ನಕ್ಕರು, ಹೆಚ್ಚಿನವರು ಶಿಕಾರಿಪುರದ ಬಸ್ಸು ಹತ್ತಿದರು. ಜಾತಕದ ಕೆಲಸ ತಾನಾಗಿ ನಿಂತುಹೋಯಿತು. ಗಿರಿಜಕ್ಕ ಅದೇ ಮಹಡಿಯಲ್ಲಿ ಕಂಪ್ಯೂಟರ್ ತರಗತಿ ಶುರುಮಾಡಿದಳು. ಅವಳಿಗೆ ಆಮೇಲೆಯೂ ಒಂದೆರಡು ಕಡೆಯಿಂದ ಕೇಳಿಕೊಂಡು ಬಂದರು. ಯಾವುದೂ ಮುಂದೆ ಹೋಗಲಿಲ್ಲ. ಅತ್ತೆ ಅದನ್ನೆಲ್ಲ ತಮ್ಮ ಲೆಕ್ಕಕ್ಕೇ ಬರೆದುಕೊಂಡರು.

ಸಂಪೂರ್ಣಕ್ಕೆ ಕೊಟ್ಟ ಆ ಹೆಚ್ಚಿನ ಹಣ ದಂಡವಾಯಿತೇ ಎಂದು ನಾನು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ. ಏಜೆಂಟ ಮೋಸ ಮಾಡಿರಲಿಲ್ಲ. ಹೇಳಿದಷ್ಟು ಪುಟ ಕೊಟ್ಟಿದ್ದ. ಮೂರು ಪುಟದಲ್ಲಿ ಏನೂ ಕಡಿಮೆಯಾಗಿರಲಿಲ್ಲ ಎಂಬುದು ಅತ್ತೆಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಕೊಂಡರು. ಎಲ್ಲರೂ ದಪ್ಪದ್ದನ್ನೇ ಹಿಡಿದು ಓಡಾಡುವಾಗ ತೆಳ್ಳಗಿನದನ್ನು ಹಿಡಿದು ನಿಲ್ಲಲು ಬೇಕಾದ ಶಕ್ತಿ ಅವರಲ್ಲಿ ಉಳಿದಿರಲಿಲ್ಲ ಎಂದು ಕಾಣುತ್ತದೆ.

ನಾನು ಅತ್ತೆಯನ್ನು ಕೊನೆಯ ಸಲ ನೋಡಿದ್ದು ದಶಕ ಮುಗಿಯುವ ಹೊತ್ತಿಗೆ, ಬೇಸಿಗೆಯಲ್ಲಿ. ಅವರು ಹಾಸಿಗೆ ಹಿಡಿದಿದ್ದರು. ಕೈ ಸಣ್ಣಗಾಗಿತ್ತು. ಬೆರಳುಗಳು ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಏನೇನೋ ಮಾತಾಡಿ, ಕೊನೆಗೆ ಅವರು ಅಲ್ಲಿಗೇ ಬಂದರು.

"ಗಿರಿಜಾಂದು ನನ್ನ ಕೈಯಾರೆ ಕೆಡ್ತು ನೋಡು."

"ಅತ್ತೆ, ಆ ಹಾಳೆ ನೀವು ತೆಗೆದಿಟ್ಟಿದ್ರಿ. ಮುಚ್ಚಳದ ಕೆಳಗೆ ಇಟ್ಟಿದ್ರಿ. ನಾನು ನೋಡಿದೀನಿ."

"ಖರೇನ?"

ನಾನು ಒಂದು ಕ್ಷಣ ತಡೆದೆ. ಇಂಥ ವಿಷಯದಲ್ಲಿ ನನ್ನ ಬಗ್ಗೆ ನನಗೇ ನಂಬಿಕೆ ಕಡಿಮೆ. ಆ ಒಂದು ಕ್ಷಣವನ್ನು ಅವರು ಗಮನಿಸಿದರು.

"ನನ್ನ ಸಮಾಧಾನಕ್ಕ ಹೇಳಬ್ಯಾಡ ತಂಗಿ" ಎಂದು ಕಣ್ಣು ಮುಚ್ಚಿಕೊಂಡರು.

ಗಿರಿಜಕ್ಕ ಗಂಜಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಒಳಗೆ ಬಂದು, ಅವ್ವನನ್ನು ಎಬ್ಬಿಸಿ ಕೂರಿಸಿ, ಗಂಜಿ ಕುಡಿಸಿದಳು. ತುಟಿ ಒರೆಸಿದಳು. ಮಳೆಗಾಲ ಶುರುವಾಗುವ ಮೊದಲೇ ಅತ್ತೆ ತೀರಿಕೊಂಡರು.

ಗಿರಿಜಕ್ಕ ಈಗ ಶಿಕಾರಿಪುರದಲ್ಲಿದ್ದಾಳೆ, ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಮದುವೆಯಾಗಲಿಲ್ಲ. ಆಗಬೇಕಿತ್ತು ಎಂದು ಅವಳು ಹೇಳಿದ್ದನ್ನು ನಾನು ಕೇಳಿಲ್ಲ, ಬೇಡವಾಗಿತ್ತು ಎಂದದ್ದನ್ನೂ ಕೇಳಿಲ್ಲ. ಹೋದ ಸಲ ಅವಳ ಮನೆಗೆ ಹೋಗಿದ್ದಾಗ, ರೊಟ್ಟಿ ಬಡಿಯುತ್ತಿದ್ದವಳನ್ನು, "ಆನವಟ್ಟಿಗೆ ಹೋದ ಜಾತಕಕ್ಕೆ ಆ ಹಾಳೆ ಸೇರಿಸಿದ್ದು ನೀನಾ?" ಎಂದು ಕೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ, "ಪಲ್ಯಕ್ಕ ಖಾರ ಹತ್ತೈತೇನು ನೋಡು" ಎಂದಳು. ಊಟವಾಯಿತು. ಕೈ ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು, ಬೇಡ ಬೇಡವೆಂದುಕೊಂಡೇ ಹೊಸ್ತಿಲಲ್ಲಿ ನಿಂತು ಮತ್ತೆ ಕೇಳಿದೆ:

"ಗಿರಿಜಕ್ಕ, ಅವತ್ತು ನೀನು ಗಂಜಿ ತಗೊಂಡು ಬಾಗಿಲಲ್ಲಿ ನಿಂತಿದ್ಯಲ್ಲ, ಅತ್ತೆಗೆ ಒಂದು ಮಾತು ಹೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ವಾ?"